ಹನುಮಂತನ ಕೋಪವೋ, ಚಾಲಕನ ಕೋಪವೋ?

ಕಳೆದ ದೀಪಾವಳಿಯ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಒಂದು ಸಣ್ಣ ಜಗಳವಾಯಿತು. ಜಗಳವೆಂದರೆ ತಟ್ಟೆ ಎಸೆಯುವ ಜಗಳವಲ್ಲ. ನಮ್ಮ ಸಂಘದಲ್ಲಿ ಅಂಥದ್ದು ಇದುವರೆಗೆ ಆಗಿಲ್ಲ, ಚುನಾವಣೆಯ ಸಭೆಯನ್ನು ಬಿಟ್ಟರೆ. ಊರಿಗೆ ಹೋಗಿ ಬಂದಿದ್ದ ಕಾಸರಗೋಡು ಕಡೆಯ ಸದಸ್ಯರೊಬ್ಬರು ಹಪ್ಪಳ ಸಂಡಿಗೆಗಳ ಜತೆಗೆ ಒಂದು ಕಟ್ಟು ಅಂಟುಚೀಟಿಗಳನ್ನೂ ತಂದಿದ್ದರು. ಕಪ್ಪು ಮತ್ತು ಕೇಸರಿ ಬಣ್ಣಗಳಲ್ಲಿ ಹನುಮಂತನ ಮುಖ. ಹುಬ್ಬು ಗಂಟಿಕ್ಕಿದೆ, ದೃಷ್ಟಿ ನೇರವಾಗಿ ನೋಡುವವನ ಮೇಲೇ ಇದೆ. ಬೆಂಗಳೂರಿಗೆ ಹೋದವರೆಲ್ಲರೂ ಕಾರುಗಳ ಹಿಂಗಾಜಿನ ಮೇಲೆ ಇದನ್ನು ನೋಡಿಯೇ ಇರುತ್ತೀರಿ.

"ನಮ್ಮ ಊರಿನ ಹುಡುಗ ಬಿಡಿಸಿದ್ದು ಮಾರಾಯ್ರೇ, ಒಂದೊಂದು ತಕ್ಕೊಳ್ಳಿ, ಕಾರಿನ ಹಿಂದೆ ಹಾಕ್ಲಿಕ್ಕೆ ಚೆಂದ ಉಂಟು" ಎಂದು ಅವರು ಹಂಚುತ್ತಾ ಬಂದರು. ನಮ್ಮ ಮುಂದೆ ನಿಂತಿದ್ದ ಬೆಂಗಳೂರಿನ ಅಕ್ಕ ಒಬ್ಬರು ಕೈ ಹಿಂದಕ್ಕೆ ಎಳೆದುಕೊಂಡರು. "ಬೇಡಪ್ಪ, ನಿಮಗೆ ಕೈ ಮುಗಿತೀನಿ. ಬೆಂಗಳೂರಲ್ಲಿ ಇದು ಅಂಟಿಸಿರೋ ಗಾಡಿ ಹಿಂದೆ ಬಂದ್ರೆ ನಾನು ಸುಮ್ನೆ ದಾರಿ ಬಿಟ್ಬಿಡ್ತೀನಿ. ಅವರು ಓಡಿಸೋದೇ ಹಾಗೆ" ಎಂದರು. "ಆಂಜನೇಯನಿಗೂ ಗಾಡಿ ಓಡಿಸುವುದಕ್ಕೂ ಎಂತ ಸಂಬಂಧ ಅಕ್ಕಾ?" ಎಂದು ಇವರು. ಅಷ್ಟರಲ್ಲಿ ಸಾಲಿನಲ್ಲಿದ್ದವರೆಲ್ಲ ಎರಡು ಪಕ್ಷವಾದರು. ಸಾರು ತಣ್ಣಗಾಯಿತು. ಏಳು ವರ್ಷದ ಹುಡುಗಿಯೊಬ್ಬಳು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ "ಹನುಮಂತನಿಗೆ ಯಾಕೆ ಸಿಟ್ಟು?" ಎಂದು ಕೇಳಿದಳು. ಅವಳಿಗೆ ಯಾರೂ ಉತ್ತರ ಕೊಡಲಿಲ್ಲ. ಸಂಪಾದಕರು ನಮ್ಮ ಕಡೆ ತಿರುಗಿ, ಮುಂದಿನ ಸಂಚಿಕೆಗೆ ಇದನ್ನೇ ಬರೆದುಕೊಡಿ ಎಂದರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಮೊದಲು ಅಂಟುಚೀಟಿಯ ಕುಲಗೋತ್ರ. ಅಮೆರಿಕದಲ್ಲಿ ಮೋಟಾರುಗಳ ಬಂಪರಿಗೆ ರಟ್ಟಿನ ಫಲಕಗಳನ್ನು ದಾರದಿಂದಲೋ ತಂತಿಯಿಂದಲೋ ಕಟ್ಟುವ ರೂಢಿ ಹಿಂದೆ ಇತ್ತು. ಮಳೆ ಬಂದರೆ ಫಲಕ ಹೋಯಿತು. ಎರಡನೆಯ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಕ್ಯಾನ್ಸಾಸ್ ಸಿಟಿಯ ಫಾರೆಸ್ಟ್ ಗಿಲ್ ಎಂಬ ಮುದ್ರಕನು ಹಿಂಬದಿಯಲ್ಲಿ ಅಂಟು ಇರುವ ಕಾಗದವನ್ನೂ ಬಿಸಿಲಿನಲ್ಲಿ ಫಳಫಳಿಸುವ ಹೊಸ ಬಗೆಯ ಶಾಯಿಯನ್ನೂ ಕೂಡಿಸಿದನು. ಪ್ರವಾಸಿ ತಾಣಗಳವರು ಇದನ್ನು ಕೊಂಡು ಬಂದವರ ಕಾರಿಗೆಲ್ಲ ಅಂಟಿಸಿದರು, 1950ರ ದಶಕದಲ್ಲಿ ರಾಜಕೀಯ ಪಕ್ಷಗಳವರು ಹಿಡಿದುಕೊಂಡರು. ಆಮೇಲೆ ಜಗತ್ತಿನಲ್ಲಿ ಯಾವ ಬಂಪರೂ ಬರಿದಾಗಿ ಉಳಿಯಲಿಲ್ಲ.

ನಮ್ಮ ನಾಡಿನ ಕಥೆ ಮಾತ್ರ ಬೇರೆ. ನಮ್ಮಲ್ಲಿ ಗಾಡಿಯ ಬೆನ್ನಿನ ಬರಹಕ್ಕೆ ಅಂಟು ಬೇಕಿರಲಿಲ್ಲ, ಕುಂಚ ಬೇಕಿತ್ತು. ಊರ ಹೊರಗಿನ ಗ್ಯಾರೇಜುಗಳ ಪಕ್ಕದಲ್ಲಿ ಪೇಂಟರೊಬ್ಬನು ಡಬ್ಬಿಗಳನ್ನು ಹರಡಿಕೊಂಡು ಕೂತು ಲಾರಿಗಳಿಗೆ ಹೂಬಳ್ಳಿ, ಕಮಲ, ನವಿಲು, ಹಸು ಕರುಗಳನ್ನು ಬರೆಯುತ್ತಿದ್ದ ದೃಶ್ಯವನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಮುಂದೆ ಮನೆದೇವರ ಹೆಸರು, ತಲೆಯ ಮೇಲೆ ಮಾಲೀಕನ ಮಕ್ಕಳ ಹೆಸರು, ಹಿಂದೆ "ತಾಯಿಯ ಆಶೀರ್ವಾದ". ಬಂಪರಿನ ಹತ್ತಿರ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ, ದೃಷ್ಟಿ ತಗಲದಿರಲೆಂದು ಒಂದು ಹಳೆಯ ಚಪ್ಪಲಿ. ಇವೆಲ್ಲದರ ನಡುವೆ ದಪ್ಪ ಅಕ್ಷರಗಳಲ್ಲಿ "ಹಾರ್ನ್ ಓಕೆ ಪ್ಲೀಸ್". ನಡುವಿನ ಆ "ಓಕೆ" ಎಲ್ಲಿಂದ ಬಂತೆಂಬುದಕ್ಕೆ ಹತ್ತು ಕಥೆಗಳಿವೆ, ಹತ್ತನ್ನೂ ಹೇಳುವವರು ಆಣೆಯಿಟ್ಟು ಹೇಳುತ್ತಾರೆ.

ಈ ಬರಹವನ್ನು ಸ್ವಲ್ಪ ನಿಂತು ನೋಡಬೇಕು. ಇದು ಲಾರಿಯವನು ತನ್ನ ಬಗ್ಗೆ ಹೇಳಿಕೊಂಡ ಮಾತಲ್ಲ. ಹಿಂದಿನಿಂದ ಬರುವ ಅಪರಿಚಿತನೊಂದಿಗೆ ಆಡಿದ ಮಾತು. "ನನಗೆ ಹಿಂದೆ ಕಾಣುವುದಿಲ್ಲ, ನೀನು ಬಂದಿದ್ದೀಯೆಂದು ಸದ್ದು ಮಾಡಿ ತಿಳಿಸು, ದಾರಿ ಬಿಡುತ್ತೇನೆ" ಎಂಬುದು ಅದರ ಅರ್ಥ. ಒಂದೇ ಗಾಡಿ ಹಿಡಿಸುವ ರಸ್ತೆಯಲ್ಲಿ, ಬದಿಯ ಕನ್ನಡಿ ಇದ್ದರೂ ಇಲ್ಲದಿದ್ದರೂ ಒಂದೇ ಎಂಬಂಥ ಲಾರಿಗಳ ಕಾಲದಲ್ಲಿ, ಇದು ಮರ್ಯಾದೆಯ ಮಾತಾಗಿತ್ತು. ರಸ್ತೆಗಳು ಅಗಲವಾದ ಮೇಲೆ ಅದೇ ಮಾತು ಉಪದ್ರವವೆನಿಸಿತು. ಸುಮ್ಮಸುಮ್ಮನೆ ಹಾರ್ನ್ ಮಾಡಲು ಪ್ರೇರೇಪಿಸುತ್ತದೆಂದು ಮಹಾರಾಷ್ಟ್ರ ಸರ್ಕಾರವು 2015ರಲ್ಲಿ ವಾಣಿಜ್ಯ ವಾಹನಗಳ ಮೇಲೆ ಈ ಬರಹವನ್ನು ನಿಷೇಧಿಸಿತು. ಗಾಡಿಯ ಬೆನ್ನಿನ ಬರಹ ಜನರ ನಡತೆಯನ್ನು ಕೆಡಿಸುತ್ತದೆಂದು ಒಂದು ಸರ್ಕಾರವೇ ನಂಬಿ ಆಜ್ಞೆ ಹೊರಡಿಸಿದ ಉದಾಹರಣೆ ಇದು. ನಮ್ಮ ಬೆಂಗಳೂರಿನ ಅಕ್ಕ ಒಂಟಿಯಲ್ಲ ಎಂಬುದನ್ನು ಗಮನಿಸಬೇಕು.

ಲಾರಿಯ ನಂತರ ಆಟೋರಿಕ್ಷಾ. ಬೆಂಗಳೂರಿನ ಆಟೋಗಳ ಬೆನ್ನೆಂದರೆ ಒಂದು ಚಲಿಸುವ ಗ್ರಂಥಾಲಯ. ಪ್ರೇಮದಲ್ಲಿ ಸೋತವನ ವಿಲಾಪ, ಅಮ್ಮನ ಹೊಗಳಿಕೆ, ಡಾ. ರಾಜಕುಮಾರರ ಚಿತ್ರ, ಹಳದಿ ಕೆಂಪು ಬಾವುಟ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಶಂಕರ್ ನಾಗ್. 1980ರಲ್ಲಿ "ಆಟೋ ರಾಜ" ಚಿತ್ರ ಬಂದಂದಿನಿಂದ ಆಟೋದವರು ಅವರನ್ನು ತಮ್ಮವರೆಂದುಕೊಂಡರು. ಆಟೋ ನಿಲ್ದಾಣಗಳಿಗೆ ಅವರ ಹೆಸರಿಟ್ಟರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಹತ್ತಿರದ ಆನಗೋಡಿನ ಬಳಿ ಅವರ ಕಾರು ಲಾರಿಗೆ ಡಿಕ್ಕಿಯಾಗಿ ಅವರು ತೀರಿಕೊಂಡರು. ಆಗ ಅವರಿಗಿನ್ನೂ 35 ವರ್ಷ. ರಸ್ತೆಯಲ್ಲೇ ಪ್ರಾಣ ಬಿಟ್ಟವರ ಚಿತ್ರವನ್ನು ಇಷ್ಟು ಸಾವಿರ ಚಾಲಕರು ಬೆನ್ನಿಗೆ ಹಾಕಿಕೊಂಡು ಓಡಾಡುತ್ತಾರೆ. ಅದನ್ನು ನೋಡಿ ಅವರು ನಿಧಾನವಾಗಿ ಓಡಿಸುತ್ತಾರೆಯೇ ಎಂದು ಕೇಳಿದರೆ, ಬೆಂಗಳೂರಿನಲ್ಲಿ ಆಟೋ ಹತ್ತಿದವರಿಗೆ ಉತ್ತರ ಗೊತ್ತು. ಚಿತ್ರದ ಒಳ್ಳೆಯತನ ಚಾಲಕನ ಕೈಗೆ ಇಳಿಯುವುದಿಲ್ಲವೆಂದ ಮೇಲೆ, ಚಿತ್ರದ ಕೋಪ ಮಾತ್ರ ಇಳಿಯುತ್ತದೆಯೇ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ಕುಂಬಳೆಗೆ ಹೋಗೋಣ.

ಕುಂಬಳೆ ಕಾಸರಗೋಡಿನ ಬಡಗಣ ಭಾಗದಲ್ಲಿದೆ. ತೆಂಕುತಿಟ್ಟಿನ ಯಕ್ಷಗಾನದ ಪಿತಾಮಹನೆಂದು ಕರೆಸಿಕೊಂಡ ಪಾರ್ತಿಸುಬ್ಬನ ಊರು, ಕಣಿಪುರ ಗೋಪಾಲಕೃಷ್ಣನ ಊರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡ ನಾಡಿಗೆ ಬರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿತಾದರೂ ಅದು ಕಾಗದದಲ್ಲೇ ಉಳಿಯಿತು. ಇದನ್ನು ಇಲ್ಲಿ ಹೇಳಲು ಕಾರಣ, ಕರ್ನಾಟಕದ ಮೂಲೆಮೂಲೆಗೆ ಹಬ್ಬಿದ ಈ ಚಿತ್ರ ಹುಟ್ಟಿದ್ದು ಕರ್ನಾಟಕದ ಗಡಿಯ ಹೊರಗಿನ ಕನ್ನಡ ತುಳು ನೆಲದಲ್ಲಿ ಎಂಬ ಸಂಗತಿ ನಮ್ಮ ಕಾಸರಗೋಡಿನ ಬಂಧುಗಳಿಗೆ ಹೆಮ್ಮೆಯದು. ಅವರು ಚೀಟಿ ಹಂಚಿದ್ದರಲ್ಲಿ ಭಕ್ತಿಗಿಂತ ಊರಿನ ಅಭಿಮಾನವೇ ಹೆಚ್ಚಿತ್ತೆಂದು ನಮಗೆ ತೋರಿತು.

2015ರಲ್ಲಿ ಅಲ್ಲಿಯ ಯುವಕರ ಬಳಗವೊಂದು ಗಣೇಶನ ಹಬ್ಬಕ್ಕೆ ಬಾವುಟ ಮಾಡಿಸಲು ಹೊರಟಿತು. ವರ್ಷ ವರ್ಷದಂತಲ್ಲದೆ ಬೇರೆ ಬಗೆಯ ಹನುಮಂತ ಬೇಕೆಂದು ಆ ಊರಿನ ಚಿತ್ರಕಾರ ಕರಣ್ ಆಚಾರ್ಯರ ಬೆನ್ನು ಬಿದ್ದರು. ಅವರು ಕಂಪ್ಯೂಟರಿನಲ್ಲಿ ಚಿತ್ರ ರಚಿಸುವವರು. ಹುಡುಗರ ಒತ್ತಾಯ ತಡೆಯಲಾರದೆ ಹಬ್ಬ ಹತ್ತಿರ ಬಂದಾಗ ಅವಸರದಲ್ಲಿ ಮುಖವೊಂದನ್ನಷ್ಟೇ ಬಿಡಿಸಿಕೊಟ್ಟರು. ಬಾವುಟದಿಂದ ಅದು ಮೊಬೈಲುಗಳಿಗೆ ಹಾರಿತು, ಅಲ್ಲಿಂದ ಅಂಗಿಗಳಿಗೆ, ಬೈಕುಗಳಿಗೆ, ಕಾರಿನ ಗಾಜುಗಳಿಗೆ. ಎರಡು ಮೂರು ವರ್ಷಗಳೊಳಗೆ ಬೆಂಗಳೂರಿನ ಯಾವ ಸಿಗ್ನಲಿನಲ್ಲಿ ನಿಂತರೂ ಆ ಮುಖ ಕಾಣುವಂತಾಯಿತು. ಹಕ್ಕುಸ್ವಾಮ್ಯ ಮಾಡಿಸಿಕೊಳ್ಳದ ಕಾರಣ, ಚೀಟಿ ಮಾರಿದವರೆಲ್ಲ ಕಾಸು ಕಂಡರು, ಬಿಡಿಸಿದವರು ಕಾಣಲಿಲ್ಲ. ಕಲಾವಿದರ ಹಣೆಬರಹ ಯಾವ ತಂತ್ರಜ್ಞಾನ ಬಂದರೂ ತಿದ್ದುವಂಥದ್ದಲ್ಲವೆಂದು ಕಾಣುತ್ತದೆ.

2018ರಲ್ಲಿ ವಿವಾದ ಹುಟ್ಟಿತು. ಪತ್ರಿಕೆಗಳು ಅದನ್ನು "ಕೋಪಿಷ್ಠ ಹನುಮಂತ" ಎಂದು ಕರೆದವು. ಶಾಂತನೂ ದಾಸನೂ ಆದ ಆಂಜನೇಯನನ್ನು ಜಗಳಗಂಟನನ್ನಾಗಿ ಮಾಡಿದ್ದಾರೆಂದು ಕೆಲವರು ಬರೆದರು. ಈ ಚೀಟಿ ಇರುವ ಬಾಡಿಗೆ ಕಾರು ಬಂದರೆ ತಾವು ಹತ್ತುವುದಿಲ್ಲವೆಂದು ಕೆಲವು ಮಹಿಳೆಯರು ಬಹಿರಂಗವಾಗಿ ಹೇಳಿದರು. ಅದಕ್ಕೆ ಎದುರಾಗಿ ಇನ್ನಷ್ಟು ಜನ ಹಟಕ್ಕೆ ಬಿದ್ದು ಅಂಟಿಸಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆ. ಪ್ರಚಾರಕ್ಕೆ ಮಂಗಳೂರಿಗೆ ಬಂದ ಪ್ರಧಾನಿ ನರೇಂದ್ರ ಮೋದಿಯವರು ಕಲಾವಿದರ ಹೆಸರು ಹೇಳಿ ಮೆಚ್ಚಿಕೊಂಡರು, ವಿವಾದ ಎಬ್ಬಿಸಿದವರನ್ನು ಟೀಕಿಸಿದರು. ಅಲ್ಲಿಗೆ ಹನುಮಂತ ಕಿಷ್ಕಿಂಧೆಯಿಂದ ವಿಧಾನಸೌಧದ ಬಾಗಿಲಿಗೆ ಬಂದಂತಾಯಿತು. ಕಲಾವಿದರು ಮಾತ್ರ ಮೊದಲಿನಿಂದಲೂ ಒಂದೇ ಮಾತು ಹೇಳುತ್ತಾ ಬಂದಿದ್ದಾರೆ: ತಮ್ಮ ಹನುಮಂತನಿಗೆ ಕೋಪವಿಲ್ಲ, ಗತ್ತಿದೆ, ಅವನು ಬಲಶಾಲಿ, ದಬ್ಬಾಳಿಕೆ ಮಾಡುವವನಲ್ಲ.

ನಮ್ಮ ನಾಡಿನ ಹನುಮಂತ ಯಾವಾಗಲೂ ಕೈ ಮುಗಿದು ಕೂತವನೇ ಎಂದರೆ ಅದೂ ಸರಿಯಲ್ಲ. ವ್ಯಾಸರಾಯರು 732 ಕಡೆ ಪ್ರಾಣದೇವರನ್ನು ಪ್ರತಿಷ್ಠಾಪಿಸಿದರೆಂಬ ಪ್ರತೀತಿ ಇದೆ. ಹಂಪಿಯ ಯಂತ್ರೋದ್ಧಾರಕ ಆಂಜನೇಯ ಪದ್ಮಾಸನ ಹಾಕಿ ಧ್ಯಾನದಲ್ಲಿ ಕೂತಿದ್ದಾನೆ, ನಿಜ. ಆದರೆ ಊರ ಬಾಗಿಲಲ್ಲಿ, ಕೋಟೆಯ ಗೋಡೆಯಲ್ಲಿ ಕಾಣುವ ವೀರಾಂಜನೇಯ ಬೇರೆಯೇ. ಬಲಗೈ ಮೇಲೆತ್ತಿದ್ದಾನೆ, ಬಾಲ ತಲೆಯ ಮೇಲೆ ಸುತ್ತಿ ಬಂದಿದೆ, ಹೆಜ್ಜೆ ಮುಂದಿಟ್ಟಿದ್ದಾನೆ. ಆ ಎತ್ತಿದ ಕೈ ಅಭಯವೋ ಏಟೋ ಎಂದು ಚಿಕ್ಕಂದಿನಲ್ಲಿ ನಮಗೆ ಅನುಮಾನ. ಅಜ್ಜಿ ಹೇಳುತ್ತಿದ್ದರು, "ನಿನ್ನಂಥವನಿಗೆ ಅಭಯ, ದೆವ್ವಕ್ಕೆ ಏಟು." ಒಂದು ಸಂಗತಿ ಮಾತ್ರ ಹೊಸದು. ಕಲ್ಲಿನ ವೀರಾಂಜನೇಯ ಸಾಮಾನ್ಯವಾಗಿ ಪಕ್ಕಕ್ಕೆ ಮುಖ ಮಾಡಿರುತ್ತಾನೆ, ತನ್ನ ದಾರಿ ನೋಡಿಕೊಂಡು ಹೋಗುತ್ತಿರುತ್ತಾನೆ. ಕಾರಿನ ಹನುಮಂತ ಹಿಂದೆ ಬರುವವನನ್ನೇ ದಿಟ್ಟಿಸುತ್ತಾನೆ. ಯಕ್ಷಗಾನದ ಬಣ್ಣದ ವೇಷ ರಂಗದಲ್ಲಿ ಅಬ್ಬರಿಸಿದರೆ ಮಕ್ಕಳು ಅಮ್ಮನ ಸೆರಗಿನಲ್ಲಿ ಅಡಗುತ್ತಾರೆ. ಆದರೆ ಚೌಕಿಗೆ ಹೋಗಿ ನೋಡಿದರೆ ಆ ವೇಷಧಾರಿ ಚಹಾ ಕುಡಿಯುತ್ತಾ ಕೂತಿರುತ್ತಾನೆ. ರಸ್ತೆಯಲ್ಲಿ ಚೌಕಿಯೇ ಇಲ್ಲ. ವೇಷ ಮಾತ್ರ ಕಾಣುತ್ತದೆ, ಒಳಗೆ ಕೂತವನು ಕಾಣುವುದಿಲ್ಲ.

ಈಗ ಪಂಡಿತರ ಕಡೆಗೆ ಬರೋಣ. ಅಮೆರಿಕದ ಕೊಲರಾಡೋ ರಾಜ್ಯ ವಿಶ್ವವಿದ್ಯಾನಿಲಯದ ವಿಲಿಯಂ ಸ್ಲೆಮ್ಕೋ ಮತ್ತು ಜತೆಗಾರರು 2008ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ನೂರಾರು ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು, ನಿಮ್ಮ ಗಾಡಿಯಲ್ಲಿ ಎಷ್ಟು ಅಂಟುಚೀಟಿಗಳಿವೆ, ಕನ್ನಡಿಗೆ ಏನು ನೇತುಹಾಕಿದ್ದೀರಿ, ಸೀಟಿಗೆ ಎಂಥ ಹೊದಿಕೆ, ಸಿಟ್ಟು ಬಂದಾಗ ಗಾಡಿಯನ್ನು ಹೇಗೆ ಓಡಿಸುತ್ತೀರಿ ಎಂದೆಲ್ಲ ಕೇಳಿದರು. ಗಾಡಿಗೆ ಗುರುತು ಹೆಚ್ಚು ಹಾಕಿಕೊಂಡವರು ಸಿಟ್ಟನ್ನು ಗಾಡಿಯ ಮೂಲಕ ತೀರಿಸಿಕೊಳ್ಳುವುದೂ ಹೆಚ್ಚೆಂದು ಕಂಡುಬಂತು. ಹಿಂದಿನಿಂದ ಬಂಪರಿಗೆ ತಾಗುವಂತೆ ಬರುವುದು, ಹಾರ್ನ್ ಬಡಿಯುವುದು ಇತ್ಯಾದಿ. ಗಾಡಿಯ ಬೆಲೆಯಿಂದಾಗಲಿ ಸ್ಥಿತಿಯಿಂದಾಗಲಿ ಹೇಳಲಾಗದ್ದನ್ನು ಚೀಟಿಗಳ ಎಣಿಕೆ ಹೇಳಿತು. ಇದರಲ್ಲಿ ಕುತೂಹಲದ ಸಂಗತಿಯೆಂದರೆ, ಚೀಟಿಯಲ್ಲಿ ಏನು ಬರೆದಿದೆ ಎಂಬುದರಿಂದ ವ್ಯತ್ಯಾಸವೇನೂ ಆಗಲಿಲ್ಲ. ವಿಶ್ವಶಾಂತಿ ಎಂದಿದ್ದರೂ ಅಷ್ಟೇ, ಬೈಗುಳ ಇದ್ದರೂ ಅಷ್ಟೇ. ಲೆಕ್ಕಕ್ಕೆ ಬಂದದ್ದು ಎಷ್ಟಿವೆ ಎಂಬುದು ಮಾತ್ರ.

ಅವರ ವಿವರಣೆ ಹೀಗೆ: ಮನುಷ್ಯನಿಗೆ ತನ್ನ ಮನೆಯ ಮೇಲಿನ ಭಾವನೆ ಒಂದು, ಉದ್ಯಾನದ ಬೆಂಚಿನ ಮೇಲಿನ ಭಾವನೆ ಇನ್ನೊಂದು. ಬೆಂಚಿನಿಂದ ಯಾರಾದರೂ ಏಳಿಸಿದರೆ ಗೊಣಗಿ ಏಳುತ್ತೇವೆ, ಮನೆಗೆ ನುಗ್ಗಿದರೆ ದೊಣ್ಣೆ ಹಿಡಿಯುತ್ತೇವೆ. ಕಾರು ಎಂಬುದು ಸಾರ್ವಜನಿಕ ರಸ್ತೆಯ ನಡುವೆ ಓಡಾಡುವ ಮನೆ. ಅದಕ್ಕೆ ತೋರಣ ಕಟ್ಟಿ, ಹೆಸರು ಬರೆದು, "ಇದು ನನ್ನದು" ಎಂಬ ಭಾವನೆಯನ್ನು ಹೆಚ್ಚಿಸಿಕೊಂಡವನು ಕಾರಿನ ಸುತ್ತಲಿನ ರಸ್ತೆಯೂ ತನ್ನದೇ ಎಂದು ಮರೆವಿನಿಂದ ನಂಬುತ್ತಾನೆ. ಯಾರಾದರೂ ಮುಂದೆ ನುಸುಳಿದರೆ ಅಂಗಳಕ್ಕೆ ಕಾಲಿಟ್ಟಂತೆ ಅವನಿಗೆ.

ನಮಗೆ ಈ ವಿವರಣೆ ಹಿಡಿಸಿತು. ಆದರೂ ಎರಡು ಅನುಮಾನಗಳು ಉಳಿದವು. ಮೊದಲನೆಯದು, ಇದು ಚಾಲಕರೇ ತಮ್ಮ ಬಗ್ಗೆ ಹೇಳಿಕೊಂಡದ್ದು. ಚೀಟಿ ಅಂಟಿಸಿದ್ದರಿಂದ ಸಿಟ್ಟು ಬಂತೋ, ಸಿಟ್ಟಿನ ಸ್ವಭಾವದವರೇ ಚೀಟಿ ಅಂಟಿಸುತ್ತಾರೋ ಎಂಬುದು ಇದರಿಂದ ತಿಳಿಯುವುದಿಲ್ಲ. ಚೀಟಿ ಕಿತ್ತರೆ ಅವರು ಸಾಧುಗಳಾಗುತ್ತಾರೆಂದು ಸಂಶೋಧಕರೂ ಹೇಳಿಲ್ಲ. ಎರಡನೆಯದು ನಮ್ಮ ಲಾರಿ. ಈ ಲೆಕ್ಕದಲ್ಲಿ ತಲೆಯಿಂದ ಬಾಲದವರೆಗೆ ಚಿತ್ರ ಬರೆಸಿಕೊಂಡ ನಮ್ಮ ಲಾರಿಯವನು ಜಗತ್ತಿನ ಮಹಾ ಕೋಪಿಷ್ಠನಾಗಬೇಕಿತ್ತು. ಆದರೆ ಎಷ್ಟೋ ಲಾರಿಗಳು ಓಡಿಸುವವನ ಸ್ವತ್ತಲ್ಲ, ಬರೆಸಿದವನು ಮಾಲೀಕ. ಅಂಗಳ ಒಬ್ಬನದು, ಅದರಲ್ಲಿ ಓಡಾಡುವವನು ಇನ್ನೊಬ್ಬ.

ಚೀಟಿ ನೋಡುವವನ ಮೇಲೆ ಏನು ಮಾಡುತ್ತದೆಂಬುದಕ್ಕೆ ಇನ್ನೂ ಹಳೆಯ ಪ್ರಯೋಗವೊಂದಿದೆ. 1975ರಲ್ಲಿ ಪ್ರಕಟವಾದದ್ದು, ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದದ್ದು. ಚಾರ್ಲ್ಸ್ ಟರ್ನರ್ ಮತ್ತು ಜತೆಗಾರರು ಒಂದು ಸಣ್ಣ ಸರಕಿನ ಗಾಡಿಯನ್ನು ಸಿಗ್ನಲಿನಲ್ಲಿ ನಿಲ್ಲಿಸಿದರು. ಹಸಿರು ದೀಪ ಬಂದರೂ 12 ಸೆಕೆಂಡು ಕದಲುವುದಿಲ್ಲ. ಕೆಲವೊಮ್ಮೆ ಅದರ ಹಿಂಗಾಜಿನಲ್ಲಿ ಬಂದೂಕು ತೂಗುಹಾಕಿ ಬಂಪರಿಗೆ "ಪ್ರತೀಕಾರ" ಎಂಬ ಚೀಟಿ ಅಂಟಿಸಿದರು, ಕೆಲವೊಮ್ಮೆ ಬಂದೂಕಿನ ಜತೆಗೆ "ಸ್ನೇಹಿತ" ಎಂಬ ಚೀಟಿ, ಕೆಲವೊಮ್ಮೆ ಎರಡೂ ಇಲ್ಲ. ಕೆಲವು ಸಲ ಪರದೆ ಎಳೆದು ಚಾಲಕ ಕಾಣದಂತೆ ಮಾಡಿದರು. ಬಂದೂಕು ಹಿಡಿದವನಿಗೆ ಯಾರು ತಾನೇ ಹಾರ್ನ್ ಮಾಡಿಯಾರು ಎಂದು ನಾವು ಊಹಿಸುತ್ತೇವೆ. ಆದದ್ದು ಉಲ್ಟಾ. ಚಾಲಕ ಮರೆಯಲ್ಲಿದ್ದಾಗ, ಬಂದೂಕು ಮತ್ತು ಪ್ರತೀಕಾರದ ಚೀಟಿ ಇದ್ದ ಗಾಡಿಗೇ ಹಿಂದಿನವರು ಹೆಚ್ಚು ಹಾರ್ನ್ ಬಡಿದರು. ಅಂದರೆ ಕೋಪದ ಗುರುತು ಹಿಂದಿದ್ದವನ ಕೋಪವನ್ನು ಎಬ್ಬಿಸಿತು. ಅದೂ ಎದುರಿನ ಮನುಷ್ಯನ ಮುಖ ಕಾಣದೆ ಇದ್ದಾಗ.

ಅದಕ್ಕೂ ಮುಂಚೆ ಲಾಸ್ ಏಂಜಲೀಸಿನಲ್ಲಿ ಹ್ಯೂಸೆನ್‌ಸ್ಟಾಮ್ ಎಂಬ ಅಧ್ಯಾಪಕಿ 15 ವಿದ್ಯಾರ್ಥಿಗಳ ಕಾರುಗಳಿಗೆ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಚೀಟಿ ಅಂಟಿಸಿ ನೋಡಿದ್ದರು. ಎಲ್ಲರೂ ಹಿಂದಿನ ವರ್ಷ ಒಂದೂ ತಪ್ಪು ಮಾಡದ ಚಾಲಕರು. 17 ದಿನಗಳಲ್ಲಿ ಪೊಲೀಸರು ಅವರಿಗೆ 33 ಚೀಟಿ ಹರಿದರು. ದಂಡ ಕಟ್ಟಲೆಂದು ಇಟ್ಟಿದ್ದ 500 ಡಾಲರು ಮುಗಿದುಹೋಗಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. 1971ರಲ್ಲಿ ಅವರು ಇದನ್ನು ಬರೆದರು. ಓಡಿಸುವ ರೀತಿ ಬದಲಾಗಿರಲಿಲ್ಲ, ನೋಡುವವರ ಕಣ್ಣು ಬದಲಾಗಿತ್ತು.

ಇಲ್ಲೊಂದು ಮಾತು ಸೇರಿಸಬೇಕು. ಅಮೆರಿಕದವರು ಹಾರ್ನ್ ಮಾಡಿದ್ದನ್ನು ಬೈಗುಳವೆಂದು ಲೆಕ್ಕ ಹಾಕುತ್ತಾರೆ. ಸಿಂಗಪುರದಲ್ಲಿಯೂ ಅಷ್ಟೇ. ಒಂದು ಸಲ ಹಾರ್ನ್ ಮಾಡಿದರೆ ಎದುರಿನವನು ಸಂಜೆಯವರೆಗೆ ನೊಂದುಕೊಳ್ಳುತ್ತಾನೆ. ನಮ್ಮ ಊರಿನಲ್ಲಿ ಹಾರ್ನ್ ಒಂದು ಭಾಷೆ. "ಬಂದೆ", "ಹೋದೆ", "ಹಸು ಪಕ್ಕಕ್ಕೆ ಹೋಗಲಿ", "ಗೇಟು ತೆಗೆಯಮ್ಮ", ಎಲ್ಲವನ್ನೂ ಅದರಲ್ಲೇ ಹೇಳುತ್ತೇವೆ. ಬೆಂಗಳೂರಿನ ಒಂದು ಸಿಗ್ನಲಿನಲ್ಲಿ ಸ್ಲೆಮ್ಕೋ ಸಾಹೇಬರು ಐದು ನಿಮಿಷ ನಿಂತಿದ್ದರೆ ಇಡೀ ಊರೇ ರೋಷದಿಂದ ಕುದಿಯುತ್ತಿದೆಯೆಂದು ಬರೆದುಬಿಡುತ್ತಿದ್ದರು. ಆದ್ದರಿಂದ ಅವರ ಅಳತೆಗೋಲನ್ನು ನಮ್ಮ ರಸ್ತೆಗೆ ಹಾಗೆಯೇ ಹಿಡಿಯಲಾಗದು.

ಆದರೆ ಗುರುತಿನಿಂದ ರೋಷ ಏಳುವುದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ನೀರಿನ ಗಲಾಟೆಯಲ್ಲಿ ಬೆಂಗಳೂರಿನ ಡಿಪೋ ಒಂದರಲ್ಲಿ ನಿಂತಿದ್ದ ಹತ್ತಾರು ಬಸ್ಸುಗಳನ್ನು ಸುಟ್ಟರು. ತಮಿಳುನಾಡಿನ ನೋಂದಣಿಯ ಲಾರಿ ಕಾರುಗಳನ್ನು ತಡೆದು ಜಖಂ ಮಾಡಿದರು. ಆ ಕಡೆ ತಮಿಳುನಾಡಿನಲ್ಲಿ ಕರ್ನಾಟಕದ ಗಾಡಿಗಳಿಗೂ ಚಾಲಕರಿಗೂ ಪೆಟ್ಟು ಬಿತ್ತು. ಅಲ್ಲಿ ಯಾವ ಹನುಮಂತನೂ ಇರಲಿಲ್ಲ, ಯಾವ ಘೋಷಣೆಯೂ ಇರಲಿಲ್ಲ. ಎರಡು ಅಕ್ಷರಗಳ ಸರ್ಕಾರಿ ನಂಬರ್ ಪ್ಲೇಟು ಸಾಕಾಯಿತು. ಓಡಿಸುವವನು ಯಾರು, ಅವನ ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂದು ಯಾರೂ ಬಗ್ಗಿ ನೋಡಲಿಲ್ಲ. ಆ ದಿನ ಇಲ್ಲಿ ನಮ್ಮ ತಮಿಳು ನೆರೆಯವರೊಂದಿಗೆ ಲಿಫ್ಟಿನಲ್ಲಿ ನಿಂತಾಗ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದ್ದು ನಮಗೆ ಇನ್ನೂ ನೆನಪಿದೆ.

ಇನ್ನು ನಾವಿರುವ ಊರು. ಸಿಂಗಪುರದಲ್ಲಿ ಕಾರಿನ ಗಾಜೆಂಬುದು ಬಹುಕಾಲ ಸರ್ಕಾರದ ಸೂಚನಾಫಲಕವಾಗಿತ್ತು. 1975ರ ಜೂನ್ 2ರಂದು ನಗರದ ನಡುಭಾಗಕ್ಕೆ ಪರವಾನಗಿ ಪದ್ಧತಿ ಬಂತು. ಬೆಳಗಿನ ಗದ್ದಲದ ಹೊತ್ತಿನಲ್ಲಿ ಒಳಗೆ ಹೋಗಬೇಕಾದರೆ ದಿನಕ್ಕೆ 3 ಡಾಲರು, ತಿಂಗಳಿಗೆ 60 ಡಾಲರು ತೆತ್ತು ಚೀಟಿ ಕೊಂಡು ಗಾಜಿಗೆ ಹಚ್ಚಬೇಕು. ಕಮಾನಿನ ಕೆಳಗೆ ನಿಂತ ಅಧಿಕಾರಿಗಳು ಓಡುವ ಕಾರಿನ ಚೀಟಿಯನ್ನು ಕಣ್ಣಿನಿಂದಲೇ ನೋಡಿ ಸರಿಯೋ ತಪ್ಪೋ ಹೇಳಬೇಕಿತ್ತು. ನಾಲ್ಕು ಜನ ಕೂತಿದ್ದರೆ ಕಾರಿಗೆ ಚೀಟಿ ಬೇಕಿರಲಿಲ್ಲವಾದ್ದರಿಂದ, ಕಮಾನಿಗೆ ಮುಂಚೆ ಬಸ್ಸಿಗೆ ಕಾದು ನಿಂತವರನ್ನು ಕರೆದು ಕೂರಿಸಿಕೊಳ್ಳುವುದೂ ನಡೆಯುತ್ತಿತ್ತು. 1998ರಲ್ಲಿ ವಿದ್ಯುನ್ಮಾನ ಕಮಾನುಗಳು ಬಂದು ಆ ಚೀಟಿ ಹೋಯಿತು. ರಸ್ತೆ ತೆರಿಗೆಯ ದುಂಡು ಚೀಟಿ 2017ರಲ್ಲಿ ಹೋಯಿತು. ಇಂದಿಗೂ ಹೊಸ ಚಾಲಕರು ಒಂದು ವರ್ಷ ತ್ರಿಕೋನದ ಗುರುತನ್ನು ಮುಂದೆಯೂ ಹಿಂದೆಯೂ ಹಾಕಿಕೊಳ್ಳಬೇಕು, ಲಾರಿಗಳು ತಮ್ಮ ವೇಗದ ಮಿತಿಯನ್ನು ಬೆನ್ನ ಮೇಲೆ ತೋರಿಸಬೇಕು. 1979ರಲ್ಲಿ ಸೌಜನ್ಯದ ಚಳವಳಿ ಶುರುವಾದಾಗ ಸರ್ಕಾರವೇ ಭಿತ್ತಿಚಿತ್ರ, ಅಂಟುಚೀಟಿಗಳನ್ನು ಹಂಚಿತು. 1982ರಲ್ಲಿ ಸಿಂಗಾ ಎಂಬ ನಗುವ ಸಿಂಹ ಬಂತು. ನೋಡಿ, ಇಲ್ಲಿಯವರು ಸಿಂಹವನ್ನೂ ನಗಿಸಿದರು, ನಮ್ಮವರು ಕಪಿಯನ್ನೂ ಗಂಭೀರ ಮಾಡಿದರು.

ಇಲ್ಲಿ ಕಾರೆಂದರೆ ಸಣ್ಣ ಆಸ್ತಿಯಲ್ಲ. 1990ರಿಂದ, ಕಾರು ಕೊಳ್ಳುವ ಮೊದಲು ಹತ್ತು ವರ್ಷದ ಹಕ್ಕುಪತ್ರವನ್ನು ಹರಾಜಿನಲ್ಲಿ ಕೊಳ್ಳಬೇಕು. 2023ರಲ್ಲಿ ದೊಡ್ಡ ಕಾರುಗಳ ಹಕ್ಕುಪತ್ರವೊಂದೇ ಒಂದೂವರೆ ಲಕ್ಷ ಡಾಲರು ಮುಟ್ಟಿತ್ತು. ಊರಿನಲ್ಲಿ ಆ ಹಣಕ್ಕೆ ಮನೆಯನ್ನೇ ಕಟ್ಟಿಸಬಹುದು. ಅಷ್ಟು ತೆತ್ತವನಿಗೆ "ಇದು ನನ್ನದು" ಎನ್ನಿಸದೆ ಇರುತ್ತದೆಯೇ? ಕೊಲರಾಡೋದವರು ಬೆಲೆ ಮುಖ್ಯವಲ್ಲವೆಂದಿದ್ದಾರೆ. ನಮಗೆ ಅಷ್ಟು ಖಾತ್ರಿ ಇಲ್ಲ. ಒಂದು ಚೀಟಿಯೂ ಇಲ್ಲದ, ಕನ್ನಡಿಯಂತೆ ಹೊಳೆಯುವ ಕಾರುಗಳೇ ಎಕ್ಸ್‌ಪ್ರೆಸ್‌ವೇಯಲ್ಲಿ ನಮ್ಮ ಬೆನ್ನಿಗೆ ಅಂಟಿಕೊಂಡು ದೀಪ ಮಿಣುಕಿಸಿದ್ದನ್ನು ಎಷ್ಟೋ ಸಲ ಕಂಡಿದ್ದೇವೆ.

ಇಷ್ಟು ಓದಿದ ಮೇಲೆ ಆ ಜಗಳಕ್ಕೆ ನಮ್ಮ ತೀರ್ಪೇನೆಂದು ಸಂಪಾದಕರು ಕೇಳುತ್ತಾರೆ. ಅಕ್ಕನ ಮಾತಿನಲ್ಲಿ ಅರ್ಧ ಸತ್ಯವಿದೆ. ಗಾಡಿಗೆ ಗುರುತು ಹೇರಿಕೊಂಡವರು ರಸ್ತೆಯನ್ನು ಅಂಗಳವೆಂದುಕೊಳ್ಳುವುದು ಉಂಟು, ಆದರೆ ಆ ಮಾತು ಗಣಪತಿಯ ಚೀಟಿಗೂ ಫುಟ್ಬಾಲ್ ತಂಡದ ಚೀಟಿಗೂ "ಮಗು ಇದೆ" ಎಂಬ ಚೀಟಿಗೂ ಸಲ್ಲುತ್ತದೆ. ಹನುಮಂತನೊಬ್ಬನ ಮೇಲೆ ಅಪವಾದ ಹೊರಿಸಲಾಗದು. ಕಾಸರಗೋಡಿನವರ ಮಾತಿನಲ್ಲಿಯೂ ಅರ್ಧ ಸತ್ಯ. ಬಿಡಿಸಿದವರ ಮನಸ್ಸಿನಲ್ಲಿ ಕೋಪ ಇರಲಿಲ್ಲ, ಅಂಟಿಸಿದ ಬಹುಮಂದಿಯ ಮನಸ್ಸಿನಲ್ಲಿಯೂ ಇರಲಿಲ್ಲವೆಂದೇ ನಾವು ನಂಬುತ್ತೇವೆ. ಆದರೆ ಹಿಂದಿನ ಕಾರಿನವನಿಗೆ ಮನಸ್ಸು ಕಾಣುವುದಿಲ್ಲ, ಗಂಟಿಕ್ಕಿದ ಹುಬ್ಬು ಕಾಣುತ್ತದೆ. ಬೆಂಗಳೂರಿನಲ್ಲಿ ಅವನಿಗೆ ಕನಿಷ್ಠ ಅದು ಆಂಜನೇಯನೆಂದಾದರೂ ಗೊತ್ತಿರುತ್ತದೆ. ಇಲ್ಲಿ ಹಿಂದಿರುವವನು ಮಲಯನೋ ಚೀನೀಯನೋ ಆಗಿದ್ದರೆ, ಸಿಟ್ಟಾದ ಯಾವುದೋ ಮುಖವೆಂದಷ್ಟೇ ತಿಳಿದಾನು. 1964ರ ಗಲಭೆಗಳ ನೆನಪನ್ನು ಇನ್ನೂ ಶಾಲೆಗಳಲ್ಲಿ ಹೇಳಿಕೊಡುವ ಊರು ಇದು. ಅಂಟಿಸಬೇಡಿ ಎಂದು ನಾವು ಹೇಳುವುದಿಲ್ಲ. ನಮ್ಮ ಕಾರಿಗೆ ಅಂಟಿಸಲಿಲ್ಲ, ಅಷ್ಟೇ. ಕಾರಣ ಹನುಮಂತನಲ್ಲ, ನಮ್ಮ ಸ್ವಭಾವ. ಮನೆಯವರು ಸಾಕ್ಷಿ ಹೇಳಿಯಾರು.

ಚೀಟಿ ತಂದ ಸದಸ್ಯರು ಮಾತ್ರ ತಮ್ಮ ಕಾರಿಗೆ ದೊಡ್ಡದೊಂದನ್ನು ಅಂಟಿಸಿಕೊಂಡರು. ಮೊನ್ನೆ ಸಿಕ್ಕಾಗ ಹೇಗಿದೆಯೆಂದು ಕೇಳಿದೆವು. "ಎಂತ ಹೇಳುವುದು ಮಾರಾಯ್ರೇ, ದೊಡ್ಡ ಉಪದ್ರ ಆಯ್ತು. ಈ ಊರಿನಲ್ಲಿ ಇದು ಇರುವ ಕಾರು ನನ್ನದೊಂದೇ ಅಂತ ಸಂಘದವರಿಗೆಲ್ಲ ಗೊತ್ತುಂಟು. ಮೊದಲಾದರೆ ಯಾರಾದ್ರೂ ಅಡ್ಡ ಬಂದರೆ ಒಂದು ಹಾರ್ನ್ ಆದ್ರೂ ಹಾಕ್ತಿದ್ದೆ. ಈಗ ಹಿಂದೆ ಯಾರಿದ್ದಾರೋ ಅಂತ ಸುಮ್ಮನೆ ಕೂತ್ಕೊಳ್ಳುವುದು. ಮೊನ್ನೆ ಹಳದಿ ದೀಪಕ್ಕೆ ನಿಲ್ಲಿಸಿದ್ದಕ್ಕೆ ಹಿಂದಿನ ಕಾರಿನಿಂದ ನಿಮ್ಮ ಆ ಬೆಂಗಳೂರಿನ ಅಕ್ಕ ಕೈ ಬೀಸಿದ್ರು" ಎಂದರು.

ಉಳಿದ ಹದಿನೆಂಟು ಚೀಟಿಗಳು ಸಂಘದ ಪುಸ್ತಕದ ಕಪಾಟಿನ ಕೆಳಗಿನ ಖಾನೆಯಲ್ಲಿವೆ. ಬೇಕಾದವರು ಕಾರ್ಯದರ್ಶಿಗಳನ್ನು ಕೇಳಿ ಪಡೆಯಬಹುದು.